ದ್ವೀಪದ ಬೀಗರು

ನಮ್ಮ ಮಾವನಿಗೂ ಆ ದ್ವೀಪದ ಬೀಗರಿಗೂ ನಂಟಸ್ತನವೇನೂ ಇರಲಿಲ್ಲ, ಬರೀ ತಮಾಷೆ. ಇವರು ಈ ದಡದ ಬಂದರಿನ ವೈರ್‌ಲೆಸ್ ಕೋಣೆಯಲ್ಲಿದ್ದವರು, ಅವರು ಆ ದ್ವೀಪದ ಬಂದರಿನಲ್ಲಿ. ಯಾವ ಹಡಗು ಹೊರಟಿತು, ಯಾವುದು ಬಂತು ಎಂದು ಜೀವಮಾನವಿಡೀ ಒಬ್ಬರಿಗೊಬ್ಬರು ಹೇಳಿಕೊಂಡವರು. ಕೆಲಸದ ಮಾತು ಮುಗಿದು "ಏನ್ ಬೀಗರೇ, ಊಟ ಆಯ್ತಾ?" ಎಂದು ಶುರುವಾದರೆ ಮುಗಿಯಿತು, ಇಬ್ಬರಿಗೂ ಹೊತ್ತುಗೊತ್ತು ಇರುತ್ತಿರಲಿಲ್ಲ. ಮುಖ ಮಾತ್ರ ನೋಡಿರಲಿಲ್ಲ. ನಾಳೆ, ನಾಡಿದ್ದು ಎನ್ನುತ್ತಲೇ ರಿಟೈರಾದರು, ಮಾತೂ ನಿಂತಿತು.

"ಕಣ್ಣು ಮುಚ್ಚೋದ್ರೊಳಗೆ ಅವನ ಮುಖ ಒಂದ್ಸಲ ನೋಡ್ಬೇಕಮ್ಮ. ಹೇಳದೇ ಹೋಗೋಣ" ಎಂದು ಮಾವ ಹಟ ಹಿಡಿದರು. ನನ್ನ ಗಂಡನಿಗೆ ಪುರುಸೊತ್ತಿಲ್ಲ. ಸೊಸೆ ಇದ್ದಾಳಲ್ಲ, ಬಿಟ್ಟಿ ಸಿಕ್ಕವಳು!

ದೋಣಿಯಲ್ಲಿ ಕುಲುಕಿ ಕುಲುಕಿ ನನಗೆ ತಲೆ ಕೆಟ್ಟಿತ್ತು. ದೋಣಿ ನಿಲ್ಲುವ ಜೆಟ್ಟಿಯಲ್ಲಿ ಇಳಿದರೆ ಕೋಟೆ, ಹಳೇ ಸುಂಕದ ಕಟ್ಟೆ, ಸವೆದ ಕಲ್ಲುಮೆಟ್ಟಿಲು, ಫೋಟೋ ತೆಗೆಯುವ ಜನ. ಮಾವನಿಗೆ ಅದೊಂದೂ ಬೇಡ. "ವೈರ್‌ಲೆಸ್ ಆಫೀಸ್ ಎಲ್ಲಪ್ಪಾ?" ಎಂದು ಜೆಟ್ಟಿಗೆಲ್ಲ ಕೇಳುವಂತೆ ಕೂಗಿದರು.

ಬೆಂಚಿನ ಮೇಲೆ ಮಫ್ಲರ್ ಸುತ್ತಿಕೊಂಡು ಕೂತಿದ್ದ ಬಡಕಲು ಮುದುಕನೊಬ್ಬ ದಡಬಡಿಸಿ ಎದ್ದು ಬಂದು ಅವರ ತೋಳು ಹಿಡಿದ. ಬಾಯಿ ತೆರೆದರೆ ಬರೀ ಗಾಳಿ. ತನ್ನ ಎದೆ ಮುಟ್ಟಿದ, ಮಾವನ ಎದೆ ಮುಟ್ಟಿದ, ಕಣ್ಣಲ್ಲಿ ನೀರು.

"ಬಿಡಯ್ಯಾ ಕೈ! ಬೆಳಬೆಳಗ್ಗೇನೇ ಕುಡ್ಕೊಂಡು ಬಂದಿದ್ದೀಯಾ?" ಎಂದು ಮಾವ ಗದರಿದರು. ಆತ ಬಿಡಲಿಲ್ಲ. "ಕುಡುಕ ನನ್ ಮಗನೇ, ಬಿಡ್ತೀಯೋ, ಒದೀಲೋ?"

ನಾನೇನು ಕಡಿಮೆಯೇ! "ಬನ್ನಿ ಮಾವ, ಇಂಥೋರ ಹತ್ರ ಏನು ಮಾತು" ಎಂದು ಅವರನ್ನು ಎಳೆದುಕೊಂಡು ಹೊರಟೆ. ಸುತ್ತ ನಿಂತವರು ನಕ್ಕರು. ಆತ ಕೈ ಬಿಟ್ಟ.

ಬೀಗರ ಹೆಸರು ಹೇಳಿ ವಿಚಾರಿಸಿದಾಗ ಆಫೀಸಿನಲ್ಲಿದ್ದ ಹುಡುಗಿ ಹೇಳಿದಳು: "ಅವರಾ? ಗಂಟಲು ಆಪರೇಷನ್ ಆಗಿ ದನಿಯೇ ಹೋಯ್ತಲ್ಲ ಸಾರ್, ಪಾಪ. ದಿನಾ ಜೆಟ್ಟಿ ಬೆಂಚಲ್ಲೇ ಕೂತಿರ್ತಾರೆ. ಬರುವಾಗ ಕಾಣ್ಲಿಲ್ವಾ?"

ಮಾವನ ಮುಖ ಬಿಳಿಚಿಕೊಂಡಿತು. ನನಗೆ ನೆಲವೇ ಬಾಯಿಬಿಡಬಾರದೇ ಅನ್ನಿಸಿತು. ಓಡಿದೆವು. ಬೆಂಚು ಖಾಲಿ. ಮನೆ ಕೇಳಿಕೊಂಡು ಓಣಿ ಹತ್ತಿದೆವು. ಮಾವ ಏದುಸಿರು ಬಿಡುತ್ತಿದ್ದರೂ ನಿಲ್ಲಲಿಲ್ಲ.

ಬೀಗರ ಮಗಳು ಬಾಗಿಲು ಅರ್ಧ ತೆಗೆದಳು. "ಅಪ್ಪ ಯಾರನ್ನೂ ನೋಡಲ್ಲ ರೀ ಇವತ್ತು. ಯಾವನೋ ಪುಣ್ಯಾತ್ಮ ಎಲ್ಲರೆದುರು ಕುಡುಕ ಅಂತ ಬೈದನಂತೆ, ಮೀನಂಗಡಿಯವಳು ಬಂದು ಹೇಳಿದ್ಲು. ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದಾರೆ, ಒಂದು ತೊಟ್ಟು ನೀರೂ ಬೇಡವಂತೆ. ಯಾರು ಬಂದಿದ್ದಾರೆ ಅಂತ ಹೇಳಲಿ?"

ಮಾವ ಬಾಯಿ ತೆರೆದರು, ಮುಚ್ಚಿದರು. ಒಂದು ಮಾತಾಡಿದ್ದರೆ ಸಾಕಿತ್ತು, ಒಳಗಿದ್ದವರಿಗೆ ದನಿಯಿಂದಲೇ ಯಾರೆಂದು ತಿಳಿಯುತ್ತಿತ್ತು. ಅದಕ್ಕೇ ಅವರು ಆಡಲಿಲ್ಲ.

"ಯಾರು ಅಂತ ಹೇಳಲಿ?" ಆಕೆ ಮತ್ತೆ ಕೇಳಿದಳು.

ಮಾವ ಅಲ್ಲೇ ಬಾಗಿಲಲ್ಲಿ ಕುಸಿದು ಕೂತು ಅತ್ತರು, ದನಿ ಒಳಗೆ ಕೇಳದ ಹಾಗೆ ಬಾಯಿಗೆ ಟವೆಲ್ ತುರುಕಿಕೊಂಡು.