ಭಾವ ಬೇಡ

ಆ ಪತ್ತೇದಾರಿ ಕಾದಂಬರಿಯ ಮೊದಲ ನೂರು ಪುಟಗಳಲ್ಲಿ ಒಂದು ಹೆಣವೂ ಬೀಳುವುದಿಲ್ಲ. ಒಂದು ಚಿಕ್ಕ ಊರು, ಊರಾಚೆ ಒಂದು ಕೆರೆ, ಎಲ್ಲರ ಮನೆ ವಿಷಯ ಎಲ್ಲರಿಗೂ ಗೊತ್ತಿರುವ ಬೀದಿಗಳು, ಹೆಂಡತಿಯ ತಮ್ಮನ ಜೊತೆ ಮಾತು ಬಿಟ್ಟ ಒಬ್ಬ ಗೃಹಸ್ಥ. ಬರೆದ ಪುಣ್ಯಾತ್ಮನಿಗೆ ಅವಸರವೆಂಬುದೇ ಇಲ್ಲ. ಬೇರೆ ದಿನವಾಗಿದ್ದರೆ ದರ್ಜಿಯಮ್ಮ ಹತ್ತನೇ ಪುಟಕ್ಕೇ ಆಕಳಿಸಿ, ಪುಸ್ತಕ ಮುಚ್ಚಿ, ಹೊಲಿಗೆ ಯಂತ್ರ ತುಳಿಯಲು ಕೂರುತ್ತಿದ್ದಳು. ಆದರೆ ಈ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನ ಬರಹವಿತ್ತು. ಆ ದುಂಡು ಅಕ್ಷರ ಅವಳ ತಮ್ಮನದು.

ತಮ್ಮ ಅಂಚೆ ಕಚೇರಿಯಲ್ಲಿ ಗುಮಾಸ್ತ. ಚಿಕ್ಕಂದಿನಿಂದ ಉಗ್ಗು. ಕೌಂಟರಿನಲ್ಲಿ ಅವನ ಮಾತಿಗಿಂತ ಮುದ್ರೆ ಒತ್ತುವ ಸದ್ದೇ ಜಾಸ್ತಿ. ಮೂರು ತಿಂಗಳ ಹಿಂದೆ ನೆಂಟರೆಲ್ಲ ಸೇರಿದ್ದಾಗ ದರ್ಜಿಯಮ್ಮನ ಗಂಡ ಆ ಉಗ್ಗನ್ನು ಅಣಕಿಸಿ ಎಲ್ಲರನ್ನೂ ನಗಿಸಿದ್ದ. ಗಂಡನದು ಬೀಗ ರಿಪೇರಿಯ ಕೆಲಸ. ಊರಿನ ಬೀಗಗಳನ್ನೆಲ್ಲ ಸರಿಮಾಡುವ ಆ ಮನುಷ್ಯನ ಬಾಯಿಗೆ ಮಾತ್ರ ಬೀಗ ಇರಲಿಲ್ಲ. ತಮ್ಮ ತಟ್ಟೆ ಸರಿಸಿ ಎದ್ದು ಹೋದವನು ಮತ್ತೆ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಇವತ್ತು ರಜೆ. ಮಧ್ಯಾಹ್ನ ಇದ್ದಕ್ಕಿದ್ದಂತೆ ಬಂದು ಬಾಗಿಲಲ್ಲಿ ನಿಂತ.

"ಭಾ... ಭಾವ, ಕೆರೆಗೆ ಹೋಗೋಣ ಬನ್ನಿ. ದೋಣೀಲಿ. ನಾವಿಬ್ಬರೇ."

ಗಂಡ ದೋಣಿ ನಡೆಸುವವನ ಮಗ. ಹುಟ್ಟು ಹಾಕುವುದು ಚೆನ್ನಾಗಿ ಬರುತ್ತದೆ, ಈಜು ಮಾತ್ರ ಬಾರದು. "ನೋಡಿದ್ಯೇನೇ, ನಿನ್ನ ತಮ್ಮನ ಕೋಪ ಇಳೀತು" ಎಂದು ಹೆಂಡತಿಗೆ ಕಣ್ಣು ಮಿಟುಕಿಸಿ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ತಮ್ಮ ತಂದಿದ್ದ ಚೀಲ ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಉಳಿಯಿತು. ಅದರಲ್ಲಿ ಕಾಲರು ಹರಿದ ಒಂದು ಅಂಗಿ, ಅದರಡಿ ಈ ಪುಸ್ತಕ.

ಇಪ್ಪತ್ತನೇ ಪುಟದ ಅಂಚಿನಲ್ಲಿ ಹೀಗಿತ್ತು: "ನಿಧಾನ. ಅವಸರ ಮಾಡಿದರೆ ಕೆಟ್ಟಿತು." ಅವಳು ನಕ್ಕಳು. ಐವತ್ತೆಂಟನೇ ಪುಟದಲ್ಲಿ: "ಇಲ್ಲಿವರೆಗೆ ಭಾವ ಇರಲಿ. ಆಮೇಲೆ ನೋಡೋಣ." ಅವಳ ನಗು ನಿಂತಿತು.

ಆಮೇಲೆ ಅವಳು ಹೊಲಿಗೆಯನ್ನು ಮರೆತಳು, ಒಲೆಯ ಮೇಲಿಟ್ಟಿದ್ದ ಹಾಲನ್ನೂ ಮರೆತಳು. ಕಥೆಯೊಳಗಿನ ತಮ್ಮ ದಿನಕ್ಕೊಂದಿಷ್ಟು ಮೆತ್ತಗಾಗುತ್ತಿದ್ದ, ಮಾತಾಡಿಸತೊಡಗಿದ್ದ. ನೂರ ಹನ್ನೆರಡನೇ ಪುಟದಲ್ಲಿ ಅವನು ಅಕ್ಕನ ಗಂಡನನ್ನು, ರಾಜಿಯಾಗೋಣ ಬನ್ನಿ ಎಂದು, ದೋಣಿಗೆ ಕರೆದ. ಅಂಚಿನಲ್ಲಿ ಪೆನ್ಸಿಲು ಒತ್ತಿ ಬರೆದಿತ್ತು: "ಇಲ್ಲಿ ನೀರು. ಆಮೇಲೆ ಉಸಿರು ನಿಲ್ಲಿಸಬೇಕು. ಭಾವ ಬೇಡ."

ದರ್ಜಿಯಮ್ಮ ಉಕ್ಕಿದ ಹಾಲನ್ನು ಹಾಗೇ ಬಿಟ್ಟು, ಒಲೆ ಆರಿಸಿ, ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಪುಸ್ತಕ ಹಿಡಿದುಕೊಂಡು ಓಡಿದಳು. ತನ್ನ ತಮ್ಮ ಅಂಥವನಲ್ಲ ಎಂದು ಮೊದಲ ಬೀದಿ ಮುಗಿಯುವವರೆಗೂ ಹೇಳಿಕೊಂಡಳು. ಎರಡನೇ ಬೀದಿಯಲ್ಲಿ ಆ ದಿನ ತಟ್ಟೆ ಸರಿಸಿದಾಗಿನ ಅವನ ಮುಖ ನೆನಪಾಯಿತು. ಮೂರನೇ ಬೀದಿಯಲ್ಲಿ ಏನೂ ಹೇಳಿಕೊಳ್ಳಲಿಲ್ಲ, ಬರೀ ಓಡಿದಳು.

ದೋಣಿ ನಡುಕೆರೆಯಲ್ಲಿತ್ತು. ಇಬ್ಬರೂ ಇದ್ದರು. ಗಂಡ ಒಂದು ಕೈಯನ್ನು ನೀರಿನತ್ತ ಚಾಚಿ ಬಗ್ಗಿದ್ದ.

"ರೀ!" ಎಂದು ಕೂಗಿದಳು. ಅಷ್ಟು ದೊಡ್ಡ ದನಿ ತನ್ನೊಳಗಿತ್ತೆಂದು ಅವಳಿಗೇ ಗೊತ್ತಿರಲಿಲ್ಲ.

ಗಂಡ ತಲೆಯೆತ್ತಿ ಬಾಯಿ ತೆರೆದ. ತಮ್ಮ ಥಟ್ಟನೆ ಮುಂದೆ ಬಾಗಿ ಅವನ ಬಾಯನ್ನು ಅಂಗೈಯಿಂದ ಮುಚ್ಚಿದ. ಗಂಡ ಕೊಸರಲಿಲ್ಲ, ಅಲುಗಲಿಲ್ಲ. ನಿದ್ದೆಯಲ್ಲೂ ಮಾತಾಡುವ ಆ ಮನುಷ್ಯನಿಂದ ಒಂದು ಸೊಲ್ಲೂ ಬರಲಿಲ್ಲ.

ದರ್ಜಿಯಮ್ಮ ದಡದ ಕಲ್ಲಿನ ಮೇಲೆ ಕುಸಿದಳು. ತೊಡೆಯ ಮೇಲೆ ಪುಸ್ತಕ ತಾನಾಗಿ ಬಿಚ್ಚಿಕೊಂಡಿತ್ತು. ಕಣ್ಣು ಅಲ್ಲಿಗೇ ಹೋಯಿತು: "ಈ ಪುಟದಲ್ಲಿ ಭಾವವನ್ನು ಪೂರ್ತಿ ಕೊಲ್ಲಬೇಕು."

ಮತ್ತೊಮ್ಮೆ ಓದಿದಳು. ಭಾವವನ್ನು. ಭಾವನನ್ನು ಅಲ್ಲ. ತಮ್ಮನ ನಾಲಿಗೆ ತಡವರಿಸಬಹುದು, ಅವನ ಪೆನ್ಸಿಲು ಒಂದನೇ ತರಗತಿಯಿಂದ ಒಂದು ಸಲವೂ ತಡವರಿಸಿದ್ದಿಲ್ಲ. ಅಕ್ಕನ ಗಂಡನನ್ನು ಕೊಲ್ಲುವುದಿದ್ದರೂ ಅವನು ವ್ಯಾಕರಣ ತಪ್ಪದೆ ಕೊಲ್ಲುತ್ತಿದ್ದ. ಇದು ದನಿಯೊಳಗಿನ ಭಾವ. ಹಿಂದಿನ ಪುಟ ತಿರುಗಿಸಿದರೆ "ಇಲ್ಲಿ ನೀರು" ಎಂಬುದರ ಪಕ್ಕ ಪುಟ್ಟ ಲೋಟದ ಚಿತ್ರವೂ ಇತ್ತು. ಓಡುವ ಗಡಿಬಿಡಿಯಲ್ಲಿ ಅದು ಕಣ್ಣಿಗೇ ಬಿದ್ದಿರಲಿಲ್ಲ. ಯಾರೋ ಇದನ್ನು ಗಟ್ಟಿಯಾಗಿ ಓದಲಿದ್ದರು, ನಡುವೆ ನೀರು ಕುಡಿಯಲಿದ್ದರು. ಅವಳಿಗೆ ಹೋದ ಜೀವ ಬಂದಂತಾಯಿತು. ಅಳತೆ ಟೇಪಿನಲ್ಲೇ ಕಣ್ಣೊರೆಸಿಕೊಂಡಳು.

ದೋಣಿ ದಡಕ್ಕೆ ಬಂತು. ಗಂಡನ ಕೈಯಲ್ಲಿ ಮೊಬೈಲು.

"ಎಲ್ಲ ಹಾಳು ಮಾಡಿದ್ಯಲ್ಲೇ" ಎಂದ. "ಹುಟ್ಟಿನ ಸದ್ದು ರೆಕಾರ್ಡ್ ಮಾಡ್ತಿದ್ವಿ. ಕಣ್ಣು ಕಾಣದೋರ ಗ್ರಂಥಾಲಯಕ್ಕೆ ಇವನು ಇಡೀ ಪುಸ್ತಕ ಓದಿ ಕೊಡ್ತಿದ್ದಾನೆ. ನನಗೆ ಹುಟ್ಟು ಹಾಕೋಕೆ ಬರುತ್ತೆ ಅಂತ ಕರ್ಕೊಂಡು ಬಂದ. ನಡುನೀರಲ್ಲಿ ಹತ್ತು ಪುಟ ಬಾಯಿಪಾಠ ಒಪ್ಪಿಸಿದ ಕಣೇ. ಒಂದು ಕಡೆನೂ ತಡವರಿಸಲಿಲ್ಲ." ಹುಟ್ಟನ್ನು ದೋಣಿಯೊಳಗೆ ಎಳೆದಿಟ್ಟ. "ತಪ್ಪಾಯ್ತು ಅನ್ನೋಕೆ ಹೋಗಿ ನಾನೇ ತೊದಲಿದೆ."

ತಮ್ಮ ಅಕ್ಕನ ಕೈಯಲ್ಲಿದ್ದ ಪುಸ್ತಕ ನೋಡಿದ, ಅವಳ ಬರಿಗಾಲು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

"ನಂ... ನಂಬಿಬಿಟ್ಟ್ಯಾ ಅಕ್ಕ?"

ಇಲ್ಲ ಅನ್ನಬಹುದಿತ್ತು. "ಮೂರು ಬೀದಿ ನಂಬಿದೆ ಕಣೋ" ಎಂದಳು. ನಾಚಿಕೆಯೂ ಸಮಾಧಾನವೂ ಒಟ್ಟಿಗೇ ಬಂದು ಅವಳಿಗೆ ಮತ್ತೆ ಅಳು ಬಂತು. ತಮ್ಮ ಪಕ್ಕದ ಕಲ್ಲಿನ ಮೇಲೆ ಕೂತು ಮೊಬೈಲು ಒತ್ತಿದ. ನೀರಿನ ಸದ್ದು, ಹುಟ್ಟಿನ ಕಿರುಗುಟ್ಟುವಿಕೆ, ಆಮೇಲೆ ಎಳೆ ಕಡಿಯದೆ ಸಾಗುವ ಒಂದು ದನಿ. ಅದು ತಮ್ಮನದೆಂದು ನಂಬಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಕೊನೆಗೆ, ಎಲ್ಲವನ್ನೂ ಸೀಳಿಕೊಂಡು ಅವಳದೇ ಕೂಗು.

"ಅದನ್ನ ಅಳಿಸಿಬಿಡೋ" ಎಂದಳು.

"ಬೇಡ. ಕಥೇಲಿ ಮುಂದಿನ ಪುಟದಲ್ಲಿ ಆ ಗೃಹಸ್ಥನ ಹೆಂಡತಿ ದಡದಿಂದ ಕೂಗ್ತಾಳೆ. ಎಷ್ಟು ಸಲ ಓದಿದ್ರೂ ನನಗೆ ಆ ಭಾ... ಭಾವ ಬರ್ತಾನೇ ಇರಲಿಲ್ಲ."

"ಇಲ್ಲೇ ಇದ್ದೀನಲ್ಲಪ್ಪಾ" ಎಂದ ಗಂಡ, ದೋಣಿಯ ಹಗ್ಗ ಕಟ್ಟುತ್ತಾ.

ಮೂರು ತಿಂಗಳಲ್ಲಿ ಮೊದಲ ಸಲ, ಭಾವನ ಮಾತಿಗೆ ತಮ್ಮ ನಕ್ಕ.