ನಾಲ್ಕನೆಯ ಬಟ್ಟಲು

“ಮೊದಲು ಟೀ ಕುಡಿ,” ಎಂದರು ದೊಡ್ಡಪ್ಪ, ಮತ್ತೆ.

ತ್ಸುಂಗ್-ಯಿ ಕುಡಿದ. ಒಂದು ಗುಟುಕಿನ ಬಟ್ಟಲು. ಮಾತು ಹುಟ್ಟುವ ಹೊತ್ತಿಗೆ ಖಾಲಿ, ಮುಗಿಯುವ ಮೊದಲೇ ಮತ್ತೆ ಭರ್ತಿ. ಈ ಮನೆಯಲ್ಲಿ ಯಾರೂ ಯಾರಿಗೂ ‘ಆಗುವುದಿಲ್ಲ’ ಎಂದು ಹೇಳಿದ್ದಿಲ್ಲ. ಟೀ ಸುರಿಯುತ್ತಿದ್ದರು, ಅಷ್ಟೆ.

ತೈಚುಂಗ್ ಪೇಟೆಯಿಂದ ಬಸ್ಸಿನಲ್ಲಿ ಬರುವಾಗ ಆಡಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಆಡಿ ಮುಗಿಸಿದ್ದ. ಕಾಲೇಜಿನಲ್ಲಿ ನ್ಯಾಯದ ಬಗ್ಗೆ ಗಂಟೆಗಟ್ಟಲೆ ಪಾಠ ಹೇಳುವವನು. ಈಗ ನಾಲಿಗೆ ಸುಟ್ಟುಕೊಂಡು ಕೂತಿದ್ದ.

“ಅಕ್ಕ ತೀರಿಹೋಗಿ ಮೂರು ತಿಂಗಳಾಯ್ತು. ಅವಳ ಹೆಸರಿನ ಹಲಗೆ ಇಲ್ಲೇ, ಹಿರಿಯರ ಪೀಠದಲ್ಲಿ ಇಡ್ಬೇಕು.”

“ಮದುವೆ ಆಗದ ಹೆಣ್ಣು ಕಣೋ. ಗುಡೀಲಿ ಅವಳ ಹಲಗೆಗೆ ಜಾಗ ಮಾಡ್ಸಿದ್ದೀನಲ್ಲ?” ದೊಡ್ಡಪ್ಪ ಕೆಟಲ್ ಎತ್ತಿದರು. “ನಮ್ಮ ಲುಗು ಊರಲ್ಲಿ ಯಾರ ಮನೇಲಿ ಹಾಗೆ ಇಟ್ಟಿದ್ದಾರೆ, ಹೇಳು.”

“ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತೀರಿ. ಕೊಡದೇ ಇದ್ದೋಳು?”

“ಅವಳೂ ಹೊರಗೇ. ಆರಿ ಹೋಗ್ತಿದೆ, ಕುಡಿ.”

ಕುಡಿದ. ಗಂಟಲವರೆಗೆ ಬಂದ ಸಿಟ್ಟು ಟೀಯ ಜೊತೆ ಕೆಳಗಿಳಿಯಿತು. ಶಿಯು-ಚಿನ್ ಅಕ್ಕ ಈ ಮನೆಯ ಟೀ ತೋಟದಲ್ಲೇ ಚಿಗುರು ಬಿಡಿಸುತ್ತ ಅವನನ್ನು ಓದಿಸಿದ್ದಳು. ದಿನಾ ನಸುಕಿಗೆದ್ದು ಹಿರಿಯರ ಮುಂದೆ ಮೂರು ಬಟ್ಟಲು ಟೀ ಇಟ್ಟ ಮೇಲೆಯೇ ತಾನು ಬಾಯಿಗೆ ಹನಿ ನೀರು ಹಾಕುತ್ತಿದ್ದಳು. ಯಾರ ಹಿರಿಯರು?

“ಪೇಟೆಯಿಂದ ನ್ಯಾಯ ಹೊತ್ಕೊಂಡು ಬಂದಿದ್ದಾನೆ ಮೇಷ್ಟ್ರು,” ದೊಡ್ಡಪ್ಪ ನಕ್ಕರು. “ಇರ್ಲಿ. ಬಂದಿದ್ದೀಯಲ್ಲ, ಪೀಠಕ್ಕೆ ಟೀ ಇಟ್ಬಿಡು. ಅವಳು ಹೋದ್ಮೇಲೆ ಆ ಕೆಲಸ ನನ್ನ ತಲೆಗೇ ಬಿದ್ದಿದೆ.”

ಕೆಲಸ! ಸಿಟ್ಟು ನೆತ್ತಿಗೇರಿತು. ಎದ್ದವನೇ ಮೂರು ಬಟ್ಟಲು ತುಂಬಿಸಿ ಇಟ್ಟ. ಪಕ್ಕದಲ್ಲಿ ನಾಲ್ಕನೆಯದು, ತುಳುಕುವಷ್ಟು. ಅಕ್ಕನ ಹೆಸರನ್ನು ಕೇರಿಗೆಲ್ಲ ಕೇಳುವಂತೆ ಕೂಗಬೇಕೆಂದುಕೊಂಡ. ಬದಲಿಗೆ ಬಟ್ಟಲನ್ನು ಸಾಲಿಗೆ ಸರಿಯಾಗಿ ಜರುಗಿಸಿದ.

ದೊಡ್ಡಪ್ಪ ಬೈಯಲಿಲ್ಲ. ನಿಧಾನವಾಗಿ ಎದ್ದು ಬಂದು, ಆ ಒಂದು ಬಟ್ಟಲನ್ನು ಎರಡು ಬೆರಳಿನಲ್ಲಿ ಎತ್ತಿ, ಚರಟ ಚೆಲ್ಲುವ ಬೋಗುಣಿಗೆ ಸುರಿದರು. ಒರೆಸಿದರು. ಮತ್ತೆ ತುಂಬಿಸಿ ಅವನ ಜಾಗದ ಮುಂದೆ ಇಟ್ಟರು.

“ಇದು ನಿಂದು. ಕೂತ್ಕೋ.”

ಕೂತ. ತಾನು ಕೂತದ್ದನ್ನು ತಾನೇ ದೂರದಿಂದ ನೋಡಿದ; ಯಾರೋ ಪರಿಚಯವಿಲ್ಲದ, ವಿಧೇಯ ಮನುಷ್ಯ.

ಬೋಗುಣಿಯ ಕಂದು ನೀರಿನಲ್ಲಿ, ಸುರಿದ ಟೀಯೊಂದಿಗೆ ಜಾರಿ ಬಿದ್ದಿದ್ದ ಒಂದು ಟೀ ಎಲೆ, ಒಣಗಿ ಮುದುಡಿ ಉಂಡೆಯಾಗಿದ್ದದ್ದು, ಈಗ ಬಿಚ್ಚಿಕೊಳ್ಳುತ್ತಿತ್ತು. ತೊಟ್ಟು, ನರ, ಗರಗಸದಂಥ ಅಂಚು. ಇಡೀ ಎಲೆ. ಯಾರೂ ಕುಡಿಯದ ನೀರಿನಲ್ಲಿ.