ಹದಿನೇಳನೇ ನಂಬರಿನ ಮಂಡಿನೋವು

ಆ ಮನೆಯಲ್ಲಿ ಫೋನ್ ಎತ್ತುವ ಅಧಿಕಾರ ಅಜ್ಜಿಗೆ ಮಾತ್ರ ಇತ್ತು ಎಂಬುದನ್ನು ಓದುಗರು ಮೊದಲೇ, ಸಾಧ್ಯವಾದರೆ ನೆಟ್ಟಗೆ ಕೂತು, ಮನಸ್ಸಿಗೆ ತಂದುಕೊಳ್ಳಬೇಕು. ರಾಜ್ಯಗಳು ಇದಕ್ಕಿಂತ ಸಣ್ಣ ಕಾರಣಕ್ಕೆ ಉರುಳಿವೆ. ಫೋನು ಅಜ್ಜಿಯ ಮಂಚದ ಪಕ್ಕದ ಸ್ಟೂಲಿನ ಮೇಲಿತ್ತು. ಬೇರೆ ಯಾರಾದರೂ ಕೈ ಚಾಚಿದರೆ ಅಜ್ಜಿ, "ನಾನಿನ್ನೂ ಇದ್ದೀನಿ" ಎನ್ನುತ್ತಿದ್ದರು. ಈ ಮಾತಿಗೆ ಯಾವ ಮನೆಯಲ್ಲೂ ಉತ್ತರವಿಲ್ಲ.

ಆ ಫೋನಿಗೆ ವರ್ಷಕ್ಕೊಮ್ಮೆ ದೊಡ್ಡಾಸ್ಪತ್ರೆಯ ಹೃದಯ ವಿಭಾಗದಿಂದ ಕರೆ ಬರುತ್ತಿತ್ತು. ಅಜ್ಜಿಯ ಮೊಮ್ಮಗಳು ಹುಟ್ಟಿದಾಗ ಅವಳ ಹೃದಯಕ್ಕೇ ರಕ್ತ ಉಣಿಸುವ ನಾಳವೊಂದು ತಪ್ಪು ಜಾಗದಿಂದ ಹೊರಟಿತ್ತು. ಲಕ್ಷಾಂತರ ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದಂತೆ. ಕೂಸಾಗಿದ್ದಾಗಲೇ ಎದೆ ತೆರೆದು, ನಾಳವನ್ನು ಬಿಡಿಸಿ, ಇರಬೇಕಾದಲ್ಲಿ ಹೊಲಿದಿದ್ದರು. ಅಂಥ ಮಕ್ಕಳು ದೊಡ್ಡವರಾದ ಮೇಲೆ ಏನಾಗುತ್ತಾರೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ವಿಭಾಗದ ದೊಡ್ಡ ಡಾಕ್ಟರು ಅವರಿಗೆಲ್ಲ ನಂಬರ್ ಕೊಟ್ಟು, ಜೀವಮಾನವಿಡೀ ಬೆನ್ನು ಬಿಡೆನೆಂದು ಪಣ ತೊಟ್ಟಿದ್ದರು. ಮೊಮ್ಮಗಳು ಅಲ್ಲಿ ಹದಿನೇಳನೇ ನಂಬರು. ಮನೆಯಲ್ಲಿ ಗುಬ್ಬಿ.

ಕರೆ ಮಾಡುವ ನರ್ಸಿಗೆ ವಿಭಾಗದಲ್ಲೆಲ್ಲ ಫೋನಕ್ಕ ಎಂದೇ ಹೆಸರು. ಅವರಿಗೆ ಡಾಕ್ಟರದು ಒಂದೇ ಕಟ್ಟಪ್ಪಣೆ: ಕೇಳಬೇಕಾದ್ದನ್ನು ಕೇಳಿ, ಹೇಳಿದ್ದನ್ನು ಬರೆಯಬೇಕು, ನಡುವೆ ಸ್ವಂತ ತಲೆ ಓಡಿಸಬಾರದು. ವಿಜ್ಞಾನ ಹಾಗೆ ಬೆಳೆಯುತ್ತದಂತೆ.

"ಹದಿನೇಳನೇ ನಂಬರ್ ಮನೆ ತಾನೆ? ಹೃದಯ ವಿಭಾಗದಿಂದ. ಹೇಗಿದ್ದೀರಾ?"

"ಏನ್ ಹೇಳ್ಲಿ ತಾಯಿ. ಮಂಡಿ ಹಿಡ್ಕೊಂಡಿದೆ."

"ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?"

"ಮೆಟ್ಟಿಲು ನೋಡಿದ್ರೇ ಬರುತ್ತೆ."

ಅಜ್ಜಿಯ ಕಡೆಯಿಂದ ನೋಡಿದರೆ ಇದರಲ್ಲಿ ತಪ್ಪೇನಿಲ್ಲ. ಆಪರೇಷನ್ ದಿನ ಹೊರಗಿನ ಬೆಂಚಿನ ಮೇಲೆ ಕೂತು ಅವರ ಎದೆಯೂ ಸಾಕಷ್ಟು ಹೊಡೆದುಕೊಂಡಿತ್ತು. ಅದನ್ನು ಆಸ್ಪತ್ರೆಯವರು ಗಮನಿಸಿದ್ದಾರೆ, ಇಷ್ಟು ವರ್ಷವಾದರೂ ಮರೆಯದೆ ವಿಚಾರಿಸುತ್ತಾರೆ, ಹೊಟ್ಟೆಯಲ್ಲಿ ಹುಟ್ಟಿದವರಿಗಿಂತ ವಾಸಿ ಎಂದು ಅವರು ನಂಬಿದ್ದರು. ಗುಬ್ಬಿಯನ್ನಂತೂ ಬೀದಿ ಕೊನೆಯ ಡಾಕ್ಟರು ವರ್ಷ ವರ್ಷ ಪರೀಕ್ಷಿಸಿ, "ಗುಂಡುಕಲ್ಲಿನ ಹಾಗಿದ್ದಾಳೆ" ಎಂದು ಕಳಿಸುತ್ತಿದ್ದರಲ್ಲ.

ಹೀಗೆ ಹದಿನೇಳನೇ ನಂಬರಿಗೆ ಒಂಬತ್ತನೇ ವಯಸ್ಸಿಗೆ ಕಣ್ಣಿನ ಪೊರೆ ಬಂತು, ಹನ್ನೊಂದಕ್ಕೆ ಹಲ್ಲಿನ ಸೆಟ್ಟು. ಹದಿನಾರಕ್ಕೆ ಸೊಸೆ ಮಾತು ಕೇಳುತ್ತಿರಲಿಲ್ಲ. ಅದನ್ನು ಫೋನಕ್ಕ 'ಇತರೆ ತೊಂದರೆ' ಎಂಬಲ್ಲಿ ಬರೆದುಕೊಂಡರು. ದೊಡ್ಡ ಡಾಕ್ಟರಿಗೆ ರೋಮಾಂಚನವಾಯಿತು. ಈ ದೋಷ ಇದ್ದವರಿಗೆ ಮುಪ್ಪು ಓಡೋಡಿ ಬರುತ್ತದೆಂಬ ಸಿದ್ಧಾಂತವನ್ನು ಅವರು ಸಮ್ಮೇಳನಗಳಲ್ಲಿ ಮಂಡಿಸಿದರು. ಕೇಳಿದವರು ತಲೆದೂಗಿದರು.

ಇತ್ತ ಗುಬ್ಬಿಗೆ ಇಪ್ಪತ್ತೆರಡಾಯಿತು. ಹೆಗಲ ಮೇಲೆ ಒಬ್ಬ ಮನುಷ್ಯನನ್ನು ಹೊತ್ತು ಏಣಿ ಇಳಿದು ತೋರಿಸಿ ಅಗ್ನಿಶಾಮಕ ದಳದ ಪರೀಕ್ಷೆಗಳನ್ನೆಲ್ಲ ಮುಗಿಸಿದಳು. ಚಿಕ್ಕಂದಿನಿಂದ ಅವಳಿಗೆ ಬೇಕಿದ್ದದ್ದು ಅದೊಂದೇ ಕೆಲಸ. ಹೃದಯ ಗಟ್ಟಿಯಿದೆ ಎಂದು ಆಪರೇಷನ್ ಮಾಡಿದ ಆಸ್ಪತ್ರೆಯಿಂದ ಒಂದು ಪತ್ರ ತಂದರೆ ಮುಗಿಯಿತು. ತರದಿದ್ದರೆ ಜಾಗ ಬೇರೆಯವರಿಗೆ. ಅವಳು ದೊಡ್ಡ ಡಾಕ್ಟರಿಗೆ ತಾನೇ ಫೋನ್ ಮಾಡಿದಳು.

"ಏಣಿನಾ? ಹದಿನೇಳನೇ ನಂಬರಾ? ಏನಮ್ಮ, ನೀವು ಮಂಚ ಇಳಿಯೋದೇ ಹೆಚ್ಚು. ನಾಳೆನೇ ಬನ್ನಿ. ಗೇಟಲ್ಲಿ ಗಾಲಿಕುರ್ಚಿ ಇಟ್ಟಿರ್ತೀವಿ."

ಗುಬ್ಬಿಯ ಮುಖ ಸಪ್ಪಗಾಯಿತು. "ಅಜ್ಜಿ, ನನಗೆ ಗೊತ್ತಿಲ್ಲದ್ದು ಏನೋ ಅವರಿಗೆ ಗೊತ್ತಿದೆ."

"ನಾನೂ ಬರ್ತೀನಿ. ಇಷ್ಟು ವರ್ಷ ವಿಚಾರಿಸ್ಕೊಂಡವರ ಮುಖ ನೋಡ್ಬೇಡ್ವಾ?"

ಮರುದಿನ ಗೇಟಿನಲ್ಲಿ ವಾರ್ಡಿನ ಆಳು ಗಾಲಿಕುರ್ಚಿ ಹಿಡಿದು ನಿಂತಿದ್ದ. "ಹದಿನೇಳು?"

"ನಾವೇ ಕಣಪ್ಪ" ಎಂದು ಅಜ್ಜಿ ಕೂತೇಬಿಟ್ಟರು. "ಮರ್ಯಾದೆ ಅಂದ್ರೆ ಇದು ನೋಡೇ."

ಗುಬ್ಬಿ ಕೌಂಟರಿನಲ್ಲಿ ಹೆಸರು ಬರೆಸುವಷ್ಟರಲ್ಲಿ ಅಜ್ಜಿ ಲಿಫ್ಟಿನಲ್ಲಿ ಮಾಯ. ಮೇಲೆ ದೊಡ್ಡ ಡಾಕ್ಟರು ಬಾಗಿಲು ತೆರೆದರು. ಗಾಲಿಕುರ್ಚಿಯಲ್ಲಿ ಸುಕ್ಕುಗಟ್ಟಿದ ಮುಖ, ಬೆಳ್ಳಗಿನ ತಲೆ, ಬೊಚ್ಚುಬಾಯಿ ಕಾಣದಿರಲೆಂದು ಕಟ್ಟಿಸಿದ ಹಲ್ಲು. ತಮ್ಮ ಸಿದ್ಧಾಂತ ಇಷ್ಟರ ಮಟ್ಟಿಗೆ ನಿಜವೆಂದು ಅವರೂ ಎಣಿಸಿರಲಿಲ್ಲ. ಅಜ್ಜಿಯ ಕೈ ಹಿಡಿದು ಅಂದರು:

"ಇಪ್ಪತ್ತೆರಡೇ ವರ್ಷ."

"ಯಾರಿಗೆ?"

"ನಿಮಗೆ."

ಅಜ್ಜಿ ಸೆರಗು ಸರಿಮಾಡಿಕೊಂಡರು. "ಹೆಂಗಸರ ವಯಸ್ಸನ್ನ ಇಷ್ಟು ಚೆನ್ನಾಗಿ ಹೇಳೋ ಡಾಕ್ಟರನ್ನ ನಾನು ನೋಡೇ ಇರ್ಲಿಲ್ಲ."

ಮೂಲೆಯಲ್ಲಿದ್ದ ಫೋನಕ್ಕ ಕಿವಿ ನಿಮಿರಿಸಿದರು. "ಸಾರ್, ಇದೇ ಧ್ವನಿ. ಅಜ್ಜಿ, ಮಂಡಿ ಹೇಗಿದೆ?"

"ನೀನೇನಾ ತಾಯಿ ಅದು? ಹಾಗೇ ಇದೆ ಕಣೇ, ಏನೂ ಗುಣ ಇಲ್ಲ."

ಅಷ್ಟರಲ್ಲಿ ಐದು ಮಹಡಿ ಮೆಟ್ಟಿಲು ಹತ್ತಿಕೊಂಡು ಬಂದ ಗುಬ್ಬಿ ಬಾಗಿಲಲ್ಲಿ ನಿಂತಳು. "ಸಾರ್, ಹದಿನೇಳು ನಾನು. ಇವರು ನಮ್ಮಜ್ಜಿ."

ಡಾಕ್ಟರು ಒಮ್ಮೆ ಅಜ್ಜಿಯನ್ನು, ಒಮ್ಮೆ ಗುಬ್ಬಿಯನ್ನು ನೋಡಿದರು. ಆಮೇಲೆ, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ, "ಹಾಗಾದ್ರೆ ಆ ಹಲ್ಲಿನ ಸೆಟ್ಟು?" ಎಂದರು.

"ನಂದೇ" ಎಂದು ಅಜ್ಜಿ ಬಿಚ್ಚಿ ತೋರಿಸಿದರು.

ಮೊದಲು ನಕ್ಕದ್ದು ಫೋನಕ್ಕ. ಅವರಿಗೆ ಸ್ವಂತ ತಲೆ ಓಡಿಸುವ ಅವಕಾಶ ಸಿಕ್ಕಿ ವರ್ಷಗಳಾಗಿದ್ದವು. ಆಳು ಕುರ್ಚಿಗೆ ಒರಗಿ ನಕ್ಕ. ಡಾಕ್ಟರು ಹೊಟ್ಟೆ ಹಿಡಿದುಕೊಂಡು ಸಮ್ಮೇಳನಗಳನ್ನು ಒಂದೊಂದಾಗಿ ನೆನೆದು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ನಗು ಬೇರೆ, ಏಣಿ ಬೇರೆ. ಈ ಹೃದಯದ ವಿಷಯ ನನಗೆ ಏನೂ ಗೊತ್ತಿಲ್ಲ ಅಂತ ಈಗ ಗೊತ್ತಾಯ್ತು. ಹತ್ತಮ್ಮ ಟ್ರೆಡ್‌ಮಿಲ್" ಎಂದರು.

ಸ್ಕ್ಯಾನಿನಲ್ಲಿ ಹೊಲಿದ ನಾಳ ಅಗಲವಾಗಿ, ಸಲೀಸಾಗಿ ಕಂಡಿತು. ಆದರೆ ಓಡುವಾಗ ಅದು ತಾಳುತ್ತದೆಯೇ ಎಂಬುದೇ ಪ್ರಶ್ನೆ. ಎದೆಗೆ ವೈರು ಅಂಟಿಸಿಕೊಂಡು ಗುಬ್ಬಿ ನಡೆದಳು, ಬೀಸುಗಾಲು ಹಾಕಿದಳು, ಓಡಿದಳು. ಕಾಲಡಿಯ ಪಟ್ಟಿ ಏರುಮುಖವಾಯಿತು, ವೇಗ ಹೆಚ್ಚಿತು. ಪರದೆಯ ಮೇಲಿನ ಗೆರೆಯಿಂದ ಡಾಕ್ಟರು ಕಣ್ಣು ಕೀಳಲಿಲ್ಲ.

"ಓಡೇ ಗುಬ್ಬಿ, ಹಿಂದೆ ಬೆಂಕಿ ಬಿದ್ದಿದೆ ಅನ್ಕೋ."

"ಬೆಂಕಿ ಬಿದ್ರೆ ನಾನು ಅದರ ಕಡೆಗೇ ಓಡ್ಬೇಕಜ್ಜಿ."

"ನಗಿಸ್ಬೇಡಿ ಅಜ್ಜಿ, ಗೆರೆ ಕುಣೀತಿದೆ" ಎಂದರು ಟೆಕ್ನಿಷಿಯನ್.

"ಕುಣೀಲಿ ಬಿಡಪ್ಪ, ಅದೇನು ನಿಮ್ಮಪ್ಪನ ಗೆರೆನಾ."

ಯಂತ್ರಕ್ಕೆ ಅದಕ್ಕಿಂತ ಹೆಚ್ಚಿನ ವೇಗ ಇರಲಿಲ್ಲ. ಗುಬ್ಬಿಗೆ ಇತ್ತು. ಡಾಕ್ಟರು ಗೆರೆ ಮೂಡಿದ ಕಾಗದವನ್ನು ಉದ್ದಕ್ಕೂ ಎರಡು ಸಲ ನೋಡಿ, ತಪ್ಪು ಸಿಗದೆ, ಪತ್ರಕ್ಕೆ ಸಹಿ ಹಾಕಿದರು. ಮುಂದಿನ ತಿಂಗಳು ಗುಬ್ಬಿ ಅಗ್ನಿಶಾಮಕ ದಳಕ್ಕೆ ಸೇರಿದಳು.